ಜಾಕೆಟ್ ಮೇಲೆ ಕಟ್ಟಿದ ವೇಷ

2024ರ ಸೆಪ್ಟೆಂಬರ್ ಕೊನೆಯ ವಾರ. ರಾತ್ರಿ ಊಟಕ್ಕೆ ಕೂತಿದ್ದೆವು. ಐದು ವರ್ಷದ ಮಗಳು ತಟ್ಟೆಯಿಂದ ತಲೆ ಎತ್ತಿ, "ಅಮ್ಮಾ, ಈ ಸಲ ಹ್ಯಾಲೋವೀನ್‌ಗೆ ನಾನು ಲೂನ್ ಆಗ್ತೀನಿ" ಅಂದಳು.

ಊರಿಂದ ಬಂದಿದ್ದ ನನ್ನಮ್ಮ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. "ಏನಾಗ್ತಾಳಂತೆ?"

"ಆ ಹಕ್ಕಿ ಅಜ್ಜಿ. ಮರೀನ ಬೆನ್ನ ಮೇಲೆ ಕೂರಿಸ್ಕೊಂಡು ಹೋಗ್ತಿತ್ತಲ್ಲ, ಅದು."

ಅಮ್ಮನಿಗೆ ನೆನಪಾಯಿತು. ಬೇಸಿಗೆಯಲ್ಲಿ ಎಲ್ಲರೂ ಉತ್ತರದ ಕಡೆ ಒಂದು ಕೆರೆಗೆ ಹೋಗಿದ್ದೆವು. ಬೆಳಿಗ್ಗೆ ಮಂಜು ಇನ್ನೂ ನೀರಿನ ಮೇಲೇ ಇತ್ತು. ಕಪ್ಪು ತಲೆ, ಕೆಂಪು ಕಣ್ಣು, ಬೆನ್ನ ತುಂಬ ಬಿಳಿ ಚೌಕಗಳಿರುವ ಒಂದು ಹಕ್ಕಿ ನಿಧಾನವಾಗಿ ತೇಲುತ್ತಾ ಬಂತು. ರೆಕ್ಕೆಗಳ ಮಧ್ಯೆ ಕಂದು ಬಣ್ಣದ ಪುಟ್ಟ ಮರಿ ಕೂತಿತ್ತು. ಲೂನ್ ಇಲ್ಲಿನ, ಅಂದರೆ ಅಮೆರಿಕದ ಮಿನ್ನೆಸೋಟದ, ರಾಜ್ಯಪಕ್ಷಿ, 1961ರಿಂದ. ಹುಟ್ಟಿದ ಮೊದಲ ಕೆಲವು ವಾರ ಮರಿಗಳು ಅಪ್ಪ ಅಮ್ಮನ ಬೆನ್ನ ಮೇಲೆ ಹತ್ತಿ ಬೆಚ್ಚಗೆ ಇರುತ್ತವೆ. ಮಗಳು ಅವತ್ತು ದಡದಲ್ಲಿ ಅಜ್ಜಿಯ ಮಡಿಲಲ್ಲಿ ಕೂತು ಅರ್ಧ ಗಂಟೆ ಮಾತೇ ಆಡಿರಲಿಲ್ಲ.

ನಾವಿರೋದು ಮಿನ್ನೆಸೋಟದಲ್ಲಿ, ಮಿನಿಯಾಪೊಲಿಸ್ ಪಕ್ಕದ ಒಂದು ಬಡಾವಣೆ. ಹ್ಯಾಲೋವೀನ್ ನೋಡದವರಿಗೆ ಎರಡು ಮಾತು ಹೇಳುತ್ತೇನೆ. ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ "ಟ್ರಿಕ್ ಆರ್ ಟ್ರೀಟ್" ಅನ್ನುತ್ತಾರೆ. ಚೀಲಕ್ಕೆ ಚಾಕೊಲೇಟ್ ಬೀಳುತ್ತದೆ. ಬಾಗಿಲ ದೀಪ ಉರಿಯುತ್ತಿದ್ದರೆ ಬನ್ನಿ ಅಂತ ಅರ್ಥ, ಆರಿದ್ದರೆ ಮುಂದಿನ ಮನೆ. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯಿಂದ ವಲಸೆ ಬಂದವರ ಜೊತೆ ಬಂದ ಹಬ್ಬ ಇದು. ನಮಗೆ ಹತ್ತಿರದಲ್ಲೇ ಅನೋಕಾ ಅನ್ನೋ ಊರಿದೆ. ಅಲ್ಲಿ ಹುಡುಗರು ಈ ರಾತ್ರಿ ಕಿಟಕಿಗಳಿಗೆ ಸೋಪು ಬಳಿಯುವುದು, ಹಸುಗಳನ್ನು ಪೇಟೆ ಬೀದಿಗೆ ಬಿಡುವುದು ಮಾಡುತ್ತಿದ್ದರಂತೆ. ಅವರ ಗಮನ ಬೇರೆ ಕಡೆ ತಿರುಗಿಸೋಕೆ ಊರಿನವರೇ ಸೇರಿ 1920ರಲ್ಲಿ ಹ್ಯಾಲೋವೀನ್ ಮೆರವಣಿಗೆ ಶುರು ಮಾಡಿದರು. ಅದು ಈಗಲೂ ನಡೆಯುತ್ತದೆ.

ಆದರೆ ಮಿನ್ನೆಸೋಟದ ತಾಯಂದಿರಿಗೆ ಹ್ಯಾಲೋವೀನ್ ಅಂದ ಕೂಡಲೇ ತಲೆಗೆ ಬರೋದು ಚಳಿ. 1991ರಲ್ಲಿ ಅಕ್ಟೋಬರ್ 31ರಂದೇ ಶುರುವಾದ ಹಿಮ ಮೂರು ನಾಲ್ಕು ದಿನ ನಿಲ್ಲದೆ ಮಿನಿಯಾಪೊಲಿಸ್‌ನಲ್ಲಿ 28 ಇಂಚು ಬಿತ್ತು. ಆಗ ಮಕ್ಕಳಾಗಿದ್ದವರು ಈಗ ನಡುವಯಸ್ಸಿನವರು. ಅಕ್ಟೋಬರ್ ಬಂದರೆ ಸಾಕು, ಆ ಕಥೆ ತೆಗೆಯುತ್ತಾರೆ. ಎಲ್ಲ ವರ್ಷ ಹಾಗಿರಲ್ಲ. ಆದರೂ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗಿದ ಮೇಲೆ ಮಕ್ಕಳನ್ನು ದಪ್ಪ ಜಾಕೆಟ್ ಇಲ್ಲದೆ ಹೊರಗೆ ಕಳಿಸೋ ಹಾಗಿಲ್ಲ.

ಇದು ನನಗೆ 2019ರಲ್ಲಿ ಗೊತ್ತಿರಲಿಲ್ಲ. ಮಗನಿಗೆ ಆಗ ಎರಡು ವರ್ಷ. ಮೊದಲ ಸಲ ನಾನೇ ವೇಷ ಹೊಲಿದೆ, ಕುಂಬಳಕಾಯಿ. ಕೇಸರಿ ಕಾಟನ್ ಬಟ್ಟೆ, ಕತ್ತಿಗೂ ಸೊಂಟಕ್ಕೂ ಎಲಾಸ್ಟಿಕ್, ತಲೆಗೆ ಹಸಿರು ಎಲೆಯ ಟೋಪಿ. ಅಳತೆ ಒಂದು ಚೂರೂ ಹೆಚ್ಚುಕಡಿಮೆ ಆಗಬಾರದು ಅಂತ ಮೈಗೆ ಸರಿಯಾಗಿ ಕತ್ತರಿಸಿದ್ದೆ. ಸಂಜೆ ಬಾಗಿಲು ತೆರೆದರೆ ಗಾಳಿ ಕೊರೆಯುತ್ತಿತ್ತು. ವೇಷದ ಒಳಗೆ ಜಾಕೆಟ್ ಹಿಡಿಸಲಿಲ್ಲ. ಕೊನೆಗೆ ವೇಷದ ಮೇಲೆ ನೀಲಿ ಜಾಕೆಟ್ ಹಾಕಿ ಜಿಪ್ ಎಳೆದೆ. ಬೀದಿಯಲ್ಲಿ ಎಲ್ಲರೂ "ನೀನೇನು ಆಗಿದ್ದೀಯ ಪುಟ್ಟಾ?" ಅಂತ ಕೇಳಿದರು. ಅವನು ಜಿಪ್ ತೆಗೆದು ತೋರಿಸೋಕೆ ನೋಡುತ್ತಿದ್ದ, ನಾನು ಮತ್ತೆ ಎಳೆಯುತ್ತಿದ್ದೆ. ನಾಲ್ಕನೇ ಮನೆಯ ಹತ್ತಿರ ಅವನು ಅತ್ತುಬಿಟ್ಟ. ಅವನು ಕುಂಬಳಕಾಯಿ ಆಗಿದ್ದು ಯಾರಿಗೂ ಕಾಣಲೇ ಇಲ್ಲ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅರಸೀಕೆರೆಯಲ್ಲಿ ಅಮ್ಮ ಮೂವತ್ತು ವರ್ಷ ಹೊಲಿಗೆ ಮಾಡಿದವರು. ನಡುಮನೆಯ ಕಿಟಕಿ ಪಕ್ಕ ಕಾಲಿನ ಮಿಷನ್, ಗೋಡೆಗೆ ನೇತುಹಾಕಿದ ಬ್ಲೌಸುಗಳು, ನೆಲದ ಮೇಲೆ ಚೂರು ಬಟ್ಟೆ. ನಾನು ಹೋಂವರ್ಕ್ ಮಾಡಿದ್ದೆಲ್ಲ ಆ ಮಿಷನ್ ಸದ್ದಿನಲ್ಲಿ. ಅಮ್ಮ ಎಲ್ಲ ಕೇಳಿಸಿಕೊಂಡು ಹೇಳಿದರು. "ಮಗು ಬೊಂಬೆ ಥರ ನಿಂತ್ಕೊಳಲ್ಲ ಕಣೇ. ಕೂರುತ್ತೆ, ಬಗ್ಗುತ್ತೆ, ಕೈ ಎತ್ತುತ್ತೆ. ಕೂರಿಸಿ ಒಂದು ಅಳತೆ ತಗೋ, ಕೈ ಎತ್ತಿಸಿ ಒಂದು ತಗೋ. ಜಾಕೆಟ್ ಹಾಕೋದಾದ್ರೆ ಜಾಕೆಟ್ ಹಾಕ್ಸಿ ಅಳತೆ ಮಾಡು. ಒಳಗೆ ಬಟ್ಟೆ ಬಿಡು, ಮುಂದಿನ ವರ್ಷಕ್ಕೆ ಬಿಚ್ಕೋಬಹುದು."

ಚಿಕ್ಕ ಮಕ್ಕಳ ವೇಷದ ಬಗ್ಗೆ ಆಮೇಲೆ ಎಷ್ಟೋ ಓದಿದೆ, ಎಷ್ಟೋ ಕಲಿತೆ. ಆದರೆ ಅಡಿಪಾಯ ಇಷ್ಟೇ. 2021ರಲ್ಲಿ ಗೂಬೆ ಹೊಲಿದಾಗ ಜಾಕೆಟ್ ತೊಡಿಸಿ, ಅದರ ಮೇಲೆ ಟೇಪ್ ಹಿಡಿದೆ. ಎರಡೂ ಪಕ್ಕದ ಹೊಲಿಗೆಯಲ್ಲಿ ಎರಡೆರಡು ಇಂಚು ಒಳಗೆ ಬಿಟ್ಟೆ. ಅದೇ ಗೂಬೆಯನ್ನು ಎರಡು ವರ್ಷ ಬಿಟ್ಟು ಮಗಳು ಹಾಕಿಕೊಂಡಳು.

ಬಟ್ಟೆಗೆ ಫ್ಲೀಸ್‌ನಷ್ಟು, ಅಂದರೆ ಉಣ್ಣೆಯ ಹಾಗೆ ಮೆತ್ತಗಿರೋ ಪಾಲಿಯೆಸ್ಟರ್ ಬಟ್ಟೆಯಷ್ಟು, ಒಳ್ಳೆಯದು ಇನ್ನೊಂದಿಲ್ಲ ಅನ್ನೋದು ನನ್ನ ಅನುಭವ. ಬೆಚ್ಚಗಿರುತ್ತದೆ. ಕತ್ತರಿಸಿದ ಅಂಚಿನಲ್ಲಿ ಎಳೆ ಬಿಚ್ಚಿಕೊಳ್ಳಲ್ಲ, ಹಾಗಾಗಿ ಅಂಚು ಮಡಚಿ ಹೊಲಿಯೋ ಕೆಲಸವೇ ಇಲ್ಲ. ಗರಿ, ಕಿವಿ, ಬಾಲ ಎಲ್ಲ ಕತ್ತರಿಸಿದ ಹಾಗೇ ನಿಲ್ಲುತ್ತದೆ. ಅಡ್ಡಕ್ಕೆ ಎಳೆದರೆ ಹಿಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಹಿಗ್ಗಲ್ಲ. ಅದನ್ನು ನೋಡಿಕೊಂಡು, ಹಿಗ್ಗುವ ಕಡೆ ಮಗುವಿನ ಸುತ್ತಳತೆಗೆ ಬರೋ ಹಾಗೆ ಇಟ್ಟು ಕತ್ತರಿಸಬೇಕು. ಒಂದೊಂದು ಹೊಲಿಗೆಯ ಉದ್ದ ಸ್ವಲ್ಪ ದೊಡ್ಡದಿರಲಿ, ಮೂರು ಮಿಲಿಮೀಟರ್ ಆದರೂ ಇರಲಿ. ಸಣ್ಣ ಹೊಲಿಗೆ ಹಾಕಿದರೆ ಬಟ್ಟೆ ಅಲೆಅಲೆಯಾಗಿ ಹಿಗ್ಗಿಬಿಡುತ್ತದೆ. ಕಣ್ಣು, ಮೂಗು, ಚುಕ್ಕಿಗಳಿಗೆ ಫೆಲ್ಟ್, ನೇಯದೆ ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ. ಮುಖವಾಡ ಬೇಡವೇ ಬೇಡ. ಕತ್ತಲಲ್ಲಿ ಮೆಟ್ಟಿಲು ಹತ್ತಿ ಇಳಿಯೋ ಮಕ್ಕಳಿಗೆ ಎರಡೂ ಪಕ್ಕ ಚೆನ್ನಾಗಿ ಕಾಣಬೇಕು. ಕೊಕ್ಕು, ಕಣ್ಣು ಎಲ್ಲವನ್ನೂ ಹಣೆಯ ಮೇಲೆ ಬರೋ ಟೋಪಿಗೇ ಹೊಲಿದುಬಿಡುತ್ತೇನೆ. ಉದ್ದ ಪಾದಕ್ಕಿಂತ ಒಂದು ಗೇಣು ಮೇಲಿರಬೇಕು. ಮತ್ತೆ, ಬಾತ್‌ರೂಮಿಗೆ ಅರ್ಜೆಂಟ್ ಆದರೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು. ಇದನ್ನು ಮರೆತು ಹೊಲಿದ ವೇಷ ಎಷ್ಟು ಚಂದ ಇದ್ದರೂ ಮಗುವಿಗೆ ಕಷ್ಟ.

ಅಂಗಡಿಯಲ್ಲಿ ವೇಷಗಳು ಸಿಗೋದಿಲ್ಲವಾ? ಬೇಕಾದಷ್ಟು ಸಿಗುತ್ತವೆ. 1930ರ ದಶಕದಿಂದಲೇ ಇಲ್ಲಿ ಪೆಟ್ಟಿಗೆಯಲ್ಲಿ ಬರೋ ವೇಷಗಳು ಇವೆ. ಕೊಂಡು ತಂದ ವೇಷ ಹಾಕಿಕೊಂಡ ಮಗು ಕಡಿಮೆ ಖುಷಿಪಡುತ್ತದೆ ಅಂತ ನಾನು ಯಾವತ್ತೂ ಹೇಳಲ್ಲ. ನನ್ನ ಮಕ್ಕಳೂ ಕೆಲವು ವರ್ಷ ಕೊಂಡದ್ದನ್ನೇ ಹಾಕಿದ್ದಾರೆ. ಎರಡು ಪಾಳಿ ದುಡಿಯೋ ತಾಯಿಗೆ ರಾತ್ರಿ ಕೂತು ಹೊಲಿ ಅನ್ನೋದು ಅನ್ಯಾಯ. ಆದರೆ ಅಂಗಡಿ ಮಾರೋದು ಎಲ್ಲರಿಗೂ ಗೊತ್ತಿರೋ ವೇಷವನ್ನು. ಮಗುವಿಗೆ ಒಬ್ಬಳಿಗೇ ಹೊಳೆದದ್ದು ಅಲ್ಲಿ ಸಿಗಲ್ಲ. ಅದನ್ನು ಹೊಲಿಯಬೇಕಾದರೆ ಮಗುವನ್ನು ಕೂರಿಸಿಕೊಂಡು ಕೇಳಬೇಕು, ಮತ್ತೆ ಮತ್ತೆ ಕೇಳಬೇಕು. ನನಗೆ ಬೇಕಾಗಿರೋದು ಆ ಕೇಳೋದೇ.

2023ರಲ್ಲಿ ಮಗನಿಗೆ ಆರು ವರ್ಷ. "ನಾನು ಸ್ನೋಪ್ಲೋ ಆಗ್ತೀನಿ" ಅಂದ. ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳೋ ದೊಡ್ಡ ಕೇಸರಿ ಲಾರಿ. "ಅದನ್ನ ಓಡಿಸೋ ಡ್ರೈವರ್ ಆಗ್ತೀಯಾ?" ಅಂತ ಕೇಳಿದೆ. ಅದು ಸುಲಭ, ಒಂದು ಕೋಟು, ಒಂದು ಟೋಪಿ ಸಾಕು. ಅವನಿಗೆ ಬೇಜಾರಾಯಿತು. "ಡ್ರೈವರ್ ಅಲ್ಲಮ್ಮ, ಸ್ನೋಪ್ಲೋನೇ." ಮುಂದಿನ ಹಲಗೆ ಎತ್ತಿರಬೇಕಾ, ಇಳಿದಿರಬೇಕಾ ಅಂತ ಕೇಳಿದೆ. ಇಳಿದೇ ಇರಬೇಕಂತೆ. ಎತ್ತಿದರೆ ಅದು ಬರೀ ಲಾರಿ, ಇಳಿಸಿದರೆ ಮಾತ್ರ ಕೆಲಸ ಮಾಡುತ್ತಿರೋ ಲಾರಿ. ಎಷ್ಟು ಸರಿಯಾದ ಮಾತು ಅಲ್ವಾ? ನಾನು ಎಂಟು ಚಳಿಗಾಲ ಆ ಲಾರಿಗಳನ್ನು ನೋಡಿದ್ದೆ, ಹಾಗೆ ಯೋಚಿಸಿರಲಿಲ್ಲ.

ಇಲ್ಲಿನ ಸಾರಿಗೆ ಇಲಾಖೆ 2020-21ರ ಚಳಿಗಾಲದಿಂದ ಈ ಲಾರಿಗಳಿಗೆ ಹೆಸರಿಡಿ ಅಂತ ಜನರನ್ನೇ ಕೇಳುತ್ತದೆ. ಮೊದಲ ವರ್ಷ ಎಲ್ಲಕ್ಕಿಂತ ಜಾಸ್ತಿ ವೋಟು ಬಿದ್ದದ್ದು 'ಪ್ಲೋಯಿ ಮ್ಯಾಕ್‌ಪ್ಲೋಫೇಸ್' ಅನ್ನೋ ಹೆಸರಿಗೆ. ಮಗನೂ ತನ್ನದಕ್ಕೆ ಹೆಸರಿಟ್ಟ. ಗುಡುಗಪ್ಪ. ಬಿಳಿ ಫೆಲ್ಟ್‌ನಲ್ಲಿ ಕನ್ನಡ ಅಕ್ಷರ ಕತ್ತರಿಸಿ ಎದೆಯ ಮೇಲೆ ಹೊಲಿದೆವು. ಗ, ಡ ಬರೆಯೋಕೆ ಅವನು ಕಲಿತದ್ದು ಆ ವಾರ, ನನ್ನ ಚಾಕ್ ಹಿಡಿದು ಬಟ್ಟೆಯ ಮೇಲೆ. ತಳದ ಸುತ್ತ ಬೆಳಕು ಬಿದ್ದರೆ ಹೊಳೆಯೋ ಪಟ್ಟಿ ಹಾಕಿದೆ. ಲಾರಿಗೂ ಅದು ಇರುತ್ತದೆ, ಕತ್ತಲಲ್ಲಿ ಬರೋ ಕಾರಿನವರಿಗೂ ಮಗು ಕಾಣುತ್ತದೆ.

ಆ ಅಕ್ಟೋಬರ್ 31ರಂದು ನಿಜಕ್ಕೂ ಹಿಮ ಬಿತ್ತು. ಗುಡುಗಪ್ಪ ಬಗ್ಗಿ ಬಗ್ಗಿ ತನ್ನ ಸ್ಪಂಜಿನ ಹಲಗೆಯಿಂದ ಕಾಲುದಾರಿಯ ಹಿಮ ತಳ್ಳುತ್ತಾ ಮುಂದೆ ನಡೆದ. ಹಿಂದೆ ಗೂಬೆ ವೇಷದ ತಂಗಿ. ಅವನು ಬಿಡಿಸಿದ ಜಾಗದಲ್ಲೇ ಹೆಜ್ಜೆ ಇಡಬೇಕು ಅಂತ ಅವಳಿಗೆ ಹೇಳಿದ್ದ. ಬೀದಿ ಮುಗಿಯೋವರೆಗೂ ಅವಳು ಹಾಗೇ ಇಟ್ಟಳು.

ಈಗ ಲೂನ್ ಕಥೆಗೆ ಬರುತ್ತೇನೆ.

ಮಗಳು, ಅಮ್ಮ, ನಾನು ಮೂವರೂ ಬಟ್ಟೆ ಅಂಗಡಿಗೆ ಹೋದೆವು. ಜೋಆನ್ ಅಂಗಡಿ. 1943ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಶುರುವಾಗಿ ದೇಶದ ತುಂಬ ಹಬ್ಬಿದ್ದ ಹೊಲಿಗೆ ಸಾಮಾನಿನ ಅಂಗಡಿಗಳು. 2025ರ ಮೇ ಮುಗಿಯೋ ಹೊತ್ತಿಗೆ ಎಲ್ಲವೂ ಮುಚ್ಚಿಹೋದವು. ನನಗೆ ಅದು ನಿಜವಾದ ನೋವು. ಅಕ್ಟೋಬರ್‌ನಲ್ಲಿ ಬಟ್ಟೆ ಕತ್ತರಿಸೋ ಮೇಜಿನ ಮುಂದೆ ಸಾಲು ಇರುತ್ತಿತ್ತು. ಒಬ್ಬೊಬ್ಬರ ಕೈಯಲ್ಲೂ ಫ್ಲೀಸ್ ಥಾನು. ಕತ್ತರಿ ಹಿಡಿದ ಹೆಂಗಸು ಬಟ್ಟೆ ಹರಡುತ್ತಾ "ಏನು ಹೊಲಿತಿದ್ದೀರಿ?" ಅಂತ ಕೇಳುತ್ತಿದ್ದರು. ಸಾಲಿನಲ್ಲಿದ್ದವರೆಲ್ಲ ಕಿವಿಗೊಡುತ್ತಿದ್ದರು. ಡ್ರ್ಯಾಗನ್ ಬೆನ್ನಿನ ಮುಳ್ಳು ನೆಟ್ಟಗೆ ನಿಲ್ಲೋಕೆ ಒಳಗೆ ಏನು ತುಂಬಬೇಕು ಅಂತ ಪರಿಚಯವಿಲ್ಲದವರೂ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದರು.

ಅವತ್ತು ಮೇಜಿನ ಹೆಂಗಸು ಎಷ್ಟು ಯಾರ್ಡ್ ಅಂತ ಕೇಳಿದಾಗ ಅಮ್ಮ ನನ್ನ ಕಡೆ ತಿರುಗಿದರು. "ಯಾರ್ಡ್ ಅಂದ್ರೆ ಗಜಾನೇ ಅಲ್ವೇನೇ?" ಹೌದು, ಗಜವೇ. 36 ಇಂಚು. ನಮ್ಮಲ್ಲಿ ಮೀಟರ್ ಬಂದು ಎಷ್ಟೋ ಕಾಲವಾಯಿತು, ಅಮ್ಮ ಚಿಕ್ಕವರಿದ್ದಾಗ ಅಜ್ಜಿ ಗಜದ ಲೆಕ್ಕದಲ್ಲೇ ಬಟ್ಟೆ ತರಿಸುತ್ತಿದ್ದರಂತೆ. "ಹಂಗಾದ್ರೆ ಒಂದೂವರೆ ಗಜ ಕಪ್ಪು, ಅರ್ಧ ಗಜ ಬಿಳಿ" ಅಂದರು ಅಮ್ಮ, ನೇರವಾಗಿ ಆ ಹೆಂಗಸಿಗೆ, ಕನ್ನಡದಲ್ಲೇ. ಬೆರಳು ತೋರಿಸಿದ ರೀತಿಗೆ ಅವರಿಗೆ ಅರ್ಥವಾಯಿತು.

ಅಂಗಡಿಯಲ್ಲಿ ತೆಳು ಕಾಗದದ ಮೇಲೆ ಅಚ್ಚಾದ ಪ್ಯಾಟರ್ನುಗಳೂ ಇದ್ದವು. ಮ್ಯಾಸಚೂಸೆಟ್ಸ್‌ನ ಎಬೆನೀಜರ್ ಬಟರಿಕ್ ಅನ್ನೋ ದರ್ಜಿ 1863ರಲ್ಲಿ ಬೇರೆ ಬೇರೆ ಅಳತೆಯ ಕಾಗದದ ಪ್ಯಾಟರ್ನ್ ಮಾರೋಕೆ ಶುರು ಮಾಡಿದ. ಅಲ್ಲಿಯವರೆಗೆ ಮನೆಯಲ್ಲಿ ಹೊಲಿಯೋರು ಹಳೆಯ ಬಟ್ಟೆ ಬಿಚ್ಚಿ ಅದನ್ನೇ ನೋಡಿ ಕತ್ತರಿಸುತ್ತಿದ್ದರು. ನಾವು ಹುಡುಕಿದ ಕಡೆ ಲೂನ್ ಪ್ಯಾಟರ್ನ್ ಇರಲಿಲ್ಲ. ಅಮ್ಮ ಮನೆಗೆ ಬಂದು ದಿನಸಿ ಅಂಗಡಿಯ ಕಂದು ಚೀಲ ಬಿಚ್ಚಿ ನೆಲಕ್ಕೆ ಹಾಸಿ ಪೇಪರ್ ಕಟಿಂಗ್ ಶುರು ಮಾಡಿದರು. ಬೆನ್ನು, ಎರಡು ರೆಕ್ಕೆ, ಟೋಪಿ, ಕೊಕ್ಕು. ಮಗಳು ಜಾಕೆಟ್ ಹಾಕಿಕೊಂಡು, ಕೈ ಎತ್ತಿ, ಕೂತು, ಎದ್ದು ಅಳತೆ ಕೊಟ್ಟಳು.

ನಾನು ಚಿಕ್ಕವಳಿದ್ದಾಗ ಶಾಲೆಯ ಛದ್ಮವೇಷಕ್ಕೆ ಅಮ್ಮ ನನಗೆ ಎಷ್ಟೋ ಸಲ ವೇಷ ಮಾಡಿದ್ದರು. ಒನಕೆ ಓಬವ್ವ, ತರಕಾರಿ ಮಾರೋಳು, ಭಾರತಮಾತೆ. ಯಾವ ವೇಷ ಅನ್ನೋದನ್ನು ಟೀಚರ್ ಇಲ್ಲವೇ ಅಮ್ಮ ತೀರ್ಮಾನ ಮಾಡುತ್ತಿದ್ದರು. ವೇದಿಕೆ ಮೇಲೆ ನಿಂತು ಎರಡು ಸಾಲು ಹೇಳಬೇಕು, ಬಹುಮಾನ ಯಾರಿಗೋ ಬರುತ್ತದೆ. ಇಲ್ಲಿ ಮಕ್ಕಳೇ ಹೇಳುತ್ತಾರೆ, ತೀರ್ಪುಗಾರರು ಇಲ್ಲ, ತೆರೆದ ಬಾಗಿಲಲ್ಲೆಲ್ಲ ಚಾಕೊಲೇಟು. ಇದು ಅಮ್ಮನಿಗೆ ತುಂಬಾ ಹಿಡಿಸಿತು. "ನಿನ್ನನ್ನ ಯಾವತ್ತೂ ಕೇಳಲೇ ಇಲ್ಲ ನೋಡು, ಏನಾಗ್ತೀಯ ಅಂತ" ಅಂದರು ಒಂದು ರಾತ್ರಿ, ಸೂಜಿಗೆ ದಾರ ಪೋಣಿಸುತ್ತಾ.

ನಮ್ಮಲ್ಲಿ ವೇಷ ಕಟ್ಟೋದು ಅನ್ನುತ್ತಾರಲ್ಲ, ಆ ಮಾತಿನ ತೂಕ ನನಗೆ ಗೊತ್ತಾಗಿದ್ದು ಲೂನ್ ಬೆನ್ನು ಮಾಡುವಾಗ. ಬಿಳಿ ಚೌಕಗಳು ನೂರಾ ನಲವತ್ತು. ಬಿಸಿ ಅಂಟಿನಿಂದ ಹಚ್ಚಿಬಿಡೋಣ ಅಂದೆ. ಅಮ್ಮ ಒಪ್ಪಲಿಲ್ಲ. ಒಂದೊಂದನ್ನೂ ಕೈಯಲ್ಲಿ ಹೊಲಿದರು, ನಾಲ್ಕು ಮೂಲೆಗೆ ನಾಲ್ಕು ಹೊಲಿಗೆ. ಎರಡು ವಾರ, ದಿನಕ್ಕೆ ಹತ್ತು. ಮಗಳ ಕೆಲಸ ಚೌಕ ಎಣಿಸಿ ಕೊಡೋದು. ನನ್ನ ಕೆಲಸ ಟೋಪಿ, ಕೆಂಪು ಗುಂಡಿಯ ಕಣ್ಣು, ಕತ್ತಿನ ಸುತ್ತ ಬಿಳಿ ಗೆರೆಗಳು.

ಮರಿ ಮಾತ್ರ ಬಾಕಿ ಇತ್ತು. ಬೆನ್ನ ಮೇಲೆ ಒಂದು ಜೇಬು ಹೊಲಿದು, ಕಂದು ಫ್ಲೀಸ್‌ನ ಮರಿಯನ್ನು ಅದರಲ್ಲಿ ಕೂರಿಸೋದು ಅಂತ ನನ್ನ ಯೋಚನೆ. ಮಗಳು ಬೇಡ ಅಂದಳು. ಜೇಬು ಬೇಡ, ಹೊಲಿದೇ ಬಿಡಬೇಕು, ಬಿದ್ದುಹೋಗಬಾರದು.

"ಜೇಬಿಂದ ಬೀಳಲ್ಲ ಪುಟ್ಟಿ."

"ಬೀಳುತ್ತೆ. ದೊಡ್ಡ ಲೂನ್‌ಗಳು ಮೊದಲು ಹಾರಿ ಹೋಗ್ತವೆ ಅಮ್ಮ. ಮರಿಗಳು ಇಲ್ಲೇ ಉಳ್ಕೋತವೆ. ನಮ್ಮ ಮಿಸ್ ಹೇಳಿದ್ರು. ನನ್ ಮರಿ ನನ್ ಜೊತೆನೇ ಬರ್ಬೇಕು."

ಮಿಸ್ ಹೇಳಿದ್ದು ನಿಜ. ಚಳಿಗಾಲಕ್ಕೆ ಮೊದಲು ದೊಡ್ಡ ಲೂನ್‌ಗಳು ಸಮುದ್ರದ ಕಡೆ ಹೊರಡುತ್ತವೆ. ಆ ವರ್ಷದ ಮರಿಗಳು ಕೆಲವು ವಾರ ಕೆರೆಯಲ್ಲೇ ಇದ್ದು ಆಮೇಲೆ ತಾವಾಗೇ ದಾರಿ ಹಿಡಿಯುತ್ತವೆ. ಅಮ್ಮನ ವಾಪಸ್ ಟಿಕೆಟ್ ನವೆಂಬರ್ ಎರಡನೇ ವಾರಕ್ಕಿತ್ತು. ಫ್ರಿಜ್ ಮೇಲಿನ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಸುತ್ತು ಹಾಕಿದ್ದೆ. ಮಗಳು ದಿನಾ ಅದರ ಮುಂದೆ ನಿಂತು ಹಾಲು ಕುಡಿಯುತ್ತಿದ್ದಳು.

ಅಮ್ಮ ಏನೂ ಮಾತಾಡಲಿಲ್ಲ. ದಾರ ಎರಡೆಳೆ ಮಾಡಿಕೊಂಡು ಮರಿಯನ್ನು ಬೆನ್ನಿಗೆ ಇಟ್ಟು ಸುತ್ತಲೂ ಹೊಲಿದರು. ಒಂದು ಸುತ್ತು ಆದ ಮೇಲೆ ಇನ್ನೊಂದು ಸುತ್ತು. ಮಗಳು ಎಳೆದು ನೋಡಿದಳು. ಮೂರನೇ ಸುತ್ತೂ ಬಿತ್ತು.

ಆ ವರ್ಷ ಅಕ್ಟೋಬರ್ 31ರಂದೇ ನರಕ ಚತುರ್ದಶಿ ಬಂದಿತ್ತು. ಬೆಳಿಗ್ಗೆ ಕತ್ತಲಿರುವಾಗಲೇ ಅಮ್ಮ ಇಬ್ಬರಿಗೂ ಎಣ್ಣೆ ಹಚ್ಚಿ ನೀರು ಹಾಕಿದರು. ಸಂಜೆ ಬಾಗಿಲಲ್ಲಿ ಹಣತೆ ಹಚ್ಚಬೇಕು ಅಂತ ಅವರಿಗೆ ಆಸೆ, ಮಕ್ಕಳು ರೆಕ್ಕೆ ಬಿಚ್ಚಿಕೊಂಡು ಓಡಾಡುತ್ತಾರೆ ಅಂತ ನನಗೆ ಭಯ. ಬೆಂಕಿಯ ವಿಷಯದಲ್ಲಿ ನಾನು ಬಿಗಿ. ನೂರು ವರ್ಷದ ಹಿಂದೆ ಇಲ್ಲಿ ಕ್ರೇಪ್ ಕಾಗದದಿಂದ ಒಂದೇ ರಾತ್ರಿಗೆ ವೇಷ ಮಾಡುತ್ತಿದ್ದರು. ಮೇಣದಬತ್ತಿ ಪಕ್ಕ ಕಾಗದದ ಲಂಗ! 1940ರ ದಶಕದಲ್ಲಿ ಜೂಲು ಜೂಲು ರೇಯಾನ್‌ನ ಕೌಬಾಯ್ ವೇಷಕ್ಕೆ ಕಿಡಿ ತಗುಲಿ ಮಕ್ಕಳು ಸುಟ್ಟು ಸತ್ತರು. ಬೇಗ ಹೊತ್ತಿಕೊಳ್ಳೋ ಬಟ್ಟೆಯ ವಿರುದ್ಧ 1953ರಲ್ಲಿ ಕಾನೂನು ಬರೋಕೆ ಅದೂ ಒಂದು ಕಾರಣ. ಫ್ಲೀಸ್ ಕಾಗದದ ಹಾಗೆ ಭಗ್ಗನೆ ಹತ್ತಿಕೊಳ್ಳಲ್ಲ, ಆದರೆ ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ನಮ್ಮ ಕುಂಬಳಕಾಯಿಗಳ ಒಳಗೆ ಇಡೋದು ಬ್ಯಾಟರಿ ದೀಪ. ಅಮ್ಮ ಹಠ ಮಾಡಲಿಲ್ಲ. "ಲಂಗ ಎತ್ತಿ ಹಿಡ್ಕೋ ಅಂತ ನಿಂಗೆ ಎಷ್ಟು ಸಲ ಕೂಗಿದ್ದೀನಿ ದೀಪಾವಳೀಲಿ" ಅಂದು, ಹಣತೆಗಳನ್ನು ಕಿಟಕಿಯ ಒಳಗಡೆ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಇಟ್ಟರು.

ಲೂನ್ ಹೊರಟಿತು. ಅಣ್ಣ ಗುಡುಗಪ್ಪನನ್ನೇ ಮತ್ತೆ ಹಾಕಿಕೊಂಡಿದ್ದ, ಒಳಗೆ ಬಿಟ್ಟಿದ್ದ ಬಟ್ಟೆ ಬಿಚ್ಚಿಕೊಟ್ಟಿದ್ದೆ. ಅಮ್ಮ ನನ್ನ ದಪ್ಪ ಕೋಟು ಹಾಕಿಕೊಂಡು, ಮಫ್ಲರ್ ಸುತ್ತಿಕೊಂಡು ನಮ್ಮ ಜೊತೆ ನಡೆದರು. ಮೂಲೆ ಮನೆಯ ವಯಸ್ಸಾದ ಹೆಂಗಸು ಬಾಗಿಲು ತೆರೆದವರು ಬಟ್ಟಲು ಹಾಗೇ ಹಿಡಿದು ನಿಂತರು. "ಲೂನ್!" ಅಂದರು. "ಅದೂ ಮರಿ ಜೊತೆ!" ಆಮೇಲೆ ಎರಡೂ ಕೈ ಬಾಯಿಗೆ ಅಡ್ಡ ಇಟ್ಟು ಲೂನ್ ಕೂಗು ಕೂಗಿದರು, ಆ ಉದ್ದನೆಯ, ಏರಿ ಇಳಿಯೋ ಕೂಗು. ಕೆರೆಯಲ್ಲಿ ದೂರ ಇರೋ ಜೋಡಿಗಳು ಒಂದಕ್ಕೊಂದು ಎಲ್ಲಿದ್ದೀಯ ಅಂತ ಕೇಳೋದು ಹಾಗೆ. ಮಗಳು ಅದೇ ಕೂಗು ತಿರುಗಿಸಿದಳು. ಬೀದಿಯ ಆ ಕಡೆಯಿಂದ ಯಾರೋ ಮಗು ಮತ್ತೆ ಕೂಗಿತು.

ಮಾರನೆಯ ಬೆಳಿಗ್ಗೆ ನಾನು ಏಳೋ ಹೊತ್ತಿಗೆ ಅಮ್ಮ, ಮಗಳು ಕಿಟಕಿ ಪಕ್ಕ ಕೂತಿದ್ದರು. ಮಗಳ ಜಾಕೆಟ್ ಜೇಬಿನಲ್ಲಿ ಮೂರು ಬಿಳಿ ಚೌಕ ಸಿಕ್ಕಿದ್ದವು. ನಡೆಯುವಾಗ ಬಿದ್ದದ್ದನ್ನು ಕತ್ತಲಲ್ಲೇ ನೋಡಿ ಎತ್ತಿಟ್ಟುಕೊಂಡಿದ್ದಳಂತೆ. ಮರಿ ಅಲುಗಿರಲಿಲ್ಲ. ಅಮ್ಮ ಮೊದಲ ಚೌಕ ಹೊಲಿದರು. ಎರಡನೆಯದಕ್ಕೆ ಸೂಜಿಯನ್ನು ಅವಳ ಕೈಗೆ ಕೊಟ್ಟು, ಅವಳ ಬೆರಳ ಮೇಲೆ ತಮ್ಮ ಬೆರಳಿಟ್ಟು, "ಕೆಳಗಿಂದ ತಗೋ, ಹಾಂ, ಈಗ ಮೇಲೆ ಎಳಿ" ಅಂದರು. ಮೂರನೆಯದನ್ನು ಅವಳೇ ಹೊಲಿದಳು.